ನೆಟ್ ಬರದಿದ್ದರೆ ಹಳೇ ಕಂಪ್ಯೂಟರ್ ಗುಜರಿಗೆ ಹಾಕಬೇಡಿ: ಲ್ಯಾನ್ ಕಾರ್ಡ್ ಹೋಗಿದೆಯೋ ಇಲ್ಲವೋ ಮೊದಲು ಹೀಗೆ ನೋಡಿ

ಚಿದ್ರಿ (ಬೀದರ್): ತಿಂಗಳ 20ನೇ ತಾರೀಖು, ಜಿಎಸ್‌ಟಿಆರ್-3ಬಿ ತುಂಬಲು ಕೊನೆಯ ದಿನ. ಅಂಗಡಿಯ ಕಂಪ್ಯೂಟರ್ ಹಚ್ಚಿದರೆ ಮೂಲೆಯ ನೆಟ್ ಗುರುತಿನ ಮೇಲೆ ಕೆಂಪು ಅಡ್ಡಗೆರೆ. ಅದೇ ರೂಟರ್‌ನಿಂದ ಮೊಬೈಲ್‌ಗೆ ವೈಫೈ ಮಾತ್ರ ಚೆನ್ನಾಗಿ ಬರುತ್ತಿರುತ್ತದೆ. ಪಕ್ಕದವರನ್ನು ಕರೆದರೆ ಅವರು ಪರದೆ ನೋಡಿ ಒಂದೇ ಮಾತು ಹೇಳುತ್ತಾರೆ: ‘ಲ್ಯಾನ್ ಕಾರ್ಡ್ ಹೋಗ್ಯಾದ್ರಿ. ಹಳೇ ಡಬ್ಬಾ, ಹೊಸಾದು ತಗೊಂಡ್ಬಿಡ್ರಿ.’

ಚಿದ್ರಿ ರಸ್ತೆಯ ಕಿರಾಣಿ ಅಂಗಡಿ ಇರಲಿ, ಭಾಲ್ಕಿ, ಔರಾದ್ ಕಡೆಯ ಝೆರಾಕ್ಸ್ ಅಂಗಡಿ, ಗ್ರಾಮ ಒನ್ ಕೇಂದ್ರ ಇರಲಿ, ಹತ್ತು-ಹನ್ನೆರಡು ವರ್ಷದ ಹಳೆಯ ಕಂಪ್ಯೂಟರ್‌ಗಳು ಇನ್ನೂ ದುಡಿಯುತ್ತಿವೆ. ಬಿಲ್ ಹೊಡೆಯಲು, ಪಹಣಿ ತೆಗೆಯಲು, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ಅಷ್ಟು ಸಾಕು. ಇಂಥ ಯಂತ್ರದಲ್ಲಿ ನೆಟ್ ನಿಂತಾಗ ಕಾರ್ಡ್ ಸುಟ್ಟಿರುವ ಸಾಧ್ಯತೆ ಇದ್ದೇ ಇದೆ. ಆದರೆ ಅದು ಕೊನೆಗೆ ಬರಬೇಕಾದ ತೀರ್ಮಾನ. ಅದಕ್ಕೂ ಮುಂಚೆ ನೋಡಬೇಕಾದ್ದು ಬಹಳ ಇದೆ, ಅದರಲ್ಲಿ ಮುಕ್ಕಾಲು ಪಾಲಿಗೆ ಸ್ಕ್ರೂಡ್ರೈವರ್ ಕೂಡ ಬೇಕಿಲ್ಲ. ಕಾರ್ಡೇ ಹೋಗಿದ್ದರೂ ಖರ್ಚು ಕೆಲವು ನೂರು ರೂಪಾಯಿ. ಹೊಸ ಕಂಪ್ಯೂಟರ್‌ಗೆ ಸಾವಿರಾರು ರೂಪಾಯಿ.

ರಿಟರ್ನ್ ತಡವಾದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ವ್ಯವಹಾರವೇ ಇಲ್ಲದ ನಿಲ್ ರಿಟರ್ನ್‌ಗೆ ದಿನಕ್ಕೆ 20 ರೂಪಾಯಿ. ಕಟ್ಟಬೇಕಾದ ತೆರಿಗೆ ಬಾಕಿ ಇದ್ದರೆ ಬಡ್ಡಿ ಬೇರೆ. ಹಾಗಾಗಿ ಮೆಕ್ಯಾನಿಕ್ ಬರುವ ತನಕ ಕೈಕಟ್ಟಿ ಕೂರುವ ಬದಲು ಅರ್ಧ ಗಂಟೆ ಕೊಟ್ಟು ನೋಡುವುದು ಲಾಭ.

ಯಾವುದಕ್ಕೆ ಲ್ಯಾನ್ ಕಾರ್ಡ್ ಅಂತಾರೆ?

ಸಿಪಿಯು ಡಬ್ಬಿಯ ಹಿಂದೆ, ಹಳೇ ಟೆಲಿಫೋನ್ ಪಿನ್ನಿಗಿಂತ ಸ್ವಲ್ಪ ಅಗಲವಾದ ಚೌಕ ತೂತು ಇರುತ್ತದೆ. ರೂಟರ್‌ನಿಂದ ಬಂದ ನೀಲಿಯೋ ಬೂದಿಯೋ ಬಣ್ಣದ ಕೇಬಲ್ ಸೇರುವುದು ಅಲ್ಲಿಗೇ. ಆ ತೂತು ಯುಎಸ್‌ಬಿ ತೂತುಗಳ ಪಕ್ಕದಲ್ಲೇ ಇದ್ದರೆ ಲ್ಯಾನ್ ಚಿಪ್ ಮದರ್‌ಬೋರ್ಡ್ ಮೇಲೇ ಇದೆ ಎಂದರ್ಥ. ಕೆಳಗಡೆ ಬೇರೆ ತಗಡಿನ ಪಟ್ಟಿಯಲ್ಲಿ ಇದ್ದರೆ ಅದು ಬಿಡಿ ಕಾರ್ಡ್. ಕೆಲಸ ಎರಡರದ್ದೂ ಒಂದೇ.

ಶಟ್‌ಡೌನ್ ಅಲ್ಲ, ವೈರೇ ಕೀಳಿ

ಕಂಪ್ಯೂಟರ್ ಶಟ್‌ಡೌನ್ ಮಾಡಿದರೂ ಗೋಡೆಯ ಸ್ವಿಚ್ ಆನ್ ಇರುವ ತನಕ ಒಳಗೆ 5 ವೋಲ್ಟ್ ಕರೆಂಟ್ ಹರಿಯುತ್ತಲೇ ಇರುತ್ತದೆ. ಲ್ಯಾನ್ ಚಿಪ್ ಪೂರ್ತಿ ಮಲಗುವುದಿಲ್ಲ. ಬಂದ್ ಮಾಡಿದ ಮೇಲೂ ಹಿಂದಿನ ಪುಟ್ಟ ದೀಪ ಉರಿಯುತ್ತಿರುವುದನ್ನು ಕೆಲವರು ನೋಡಿರುತ್ತಾರೆ, ಅದಕ್ಕೆ ಇದೇ ಕಾರಣ. ಕರೆಂಟ್ ಹೋಗಿ ಬಂದು, ಹೋಗಿ ಬಂದು ಮಾಡಿದಾಗ ಈ ಚಿಪ್ ಗಲಿಬಿಲಿಗೊಂಡು ಅಲ್ಲೇ ಸಿಕ್ಕಿಹಾಕಿಕೊಳ್ಳುವುದುಂಟು. ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಏಳುವುದಿಲ್ಲ.

ಪರಿಹಾರ ಸರಳ. ಶಟ್‌ಡೌನ್ ಮಾಡಿ, ಪವರ್ ವೈರನ್ನು ಸಿಪಿಯು ಹಿಂದಿನಿಂದ ಕಿತ್ತುಬಿಡಿ. ಲ್ಯಾನ್ ಕೇಬಲ್ ಕೂಡ ತೆಗೆಯಿರಿ. ಆಮೇಲೆ ಮುಂದಿನ ಪವರ್ ಬಟನ್ ಅನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟೆಲ್ಲ ಇಳಿಯುತ್ತದೆ. ಈ ಹೊತ್ತಿನಲ್ಲಿ ರೂಟರ್ ಕೂಡ ಬಂದ್ ಮಾಡಿಡಿ. ಎರಡು ನಿಮಿಷ ಬಿಟ್ಟು ಮೊದಲು ರೂಟರ್, ಅದರ ದೀಪಗಳು ನಿಂತ ಮೇಲೆ ಕಂಪ್ಯೂಟರ್ ಹಚ್ಚಿ. ‘ಕಾರ್ಡ್ ಸುಟ್ಟಾದ’ ಎನಿಸಿಕೊಂಡ ಯಂತ್ರ ಇಷ್ಟಕ್ಕೇ ಎದ್ದು ಕೂತರೆ ಆಶ್ಚರ್ಯಪಡಬೇಕಿಲ್ಲ.

ವಿಂಡೋಸ್ 10 ಇದ್ದವರಿಗೆ ಇನ್ನೊಂದು ಮಾತು. ಅದರಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಆನ್ ಇದ್ದರೆ ಶಟ್‌ಡೌನ್ ಕೊಟ್ಟಾಗ ವಿಂಡೋಸ್ ಪೂರ್ತಿ ಬಂದ್ ಆಗುವುದಿಲ್ಲ, ಅರ್ಧ ನೆನಪನ್ನು ಉಳಿಸಿಕೊಂಡು ಮಲಗುತ್ತದೆ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಎಲ್ಲ ಹೊಸದಾಗಿ ಶುರುವಾಗುತ್ತದೆ. ಬಂದ್ ಮಾಡಿ ಹಚ್ಚುವುದೂ ರೀಸ್ಟಾರ್ಟೂ ಒಂದೇ ಅಂದುಕೊಂಡವರು ಮೋಸ ಹೋಗುವುದು ಇಲ್ಲೇ.

ಪುಟ್ಟ ದೀಪ ಏನು ಹೇಳುತ್ತದೆ

ಕೇಬಲ್ ಹಾಕಿ, ತೂತಿನ ಪಕ್ಕದ ಹಸಿರು ಅಥವಾ ಕಿತ್ತಳೆ ದೀಪ ನೋಡಿ. ಅದು ಉರಿಯುತ್ತಿದ್ದರೆ ಅಥವಾ ಮಿಣುಕುತ್ತಿದ್ದರೆ ಕಾರ್ಡ್ ಮತ್ತು ರೂಟರ್ ಒಂದನ್ನೊಂದು ಗುರುತಿಸಿವೆ. ಆಗ ಕಾರ್ಡಿನ ಮೇಲೆ ಸಂಶಯ ಬಹುಮಟ್ಟಿಗೆ ಕಡಿಮೆ, ಸಮಸ್ಯೆ ಸೆಟ್ಟಿಂಗ್‌ನಲ್ಲೋ ನೆಟ್ ಕೊಡುವವರ ಕಡೆಯೋ ಇದೆ.

ದೀಪವೇ ಇಲ್ಲದಿದ್ದರೆ ಕೂಡಲೇ ಕಾರ್ಡನ್ನು ಬೈಯಬೇಡಿ. ರೂಟರ್‌ನ ಬೇರೆ ತೂತಿಗೆ ಕೇಬಲ್ ಬದಲಿಸಿ ನೋಡಿ. ರೂಟರ್‌ನಲ್ಲಿ ಸಾಮಾನ್ಯವಾಗಿ ಇಂಥ ನಾಲ್ಕು ತೂತು ಇರುತ್ತವೆ, ಒಂದು ಕೆಟ್ಟರೂ ಉಳಿದವು ನಡೆಯುತ್ತವೆ. ಆಮೇಲೆ ಕೇಬಲ್ಲನ್ನೇ ಬದಲಿಸಿ. ಪಕ್ಕದ ಅಂಗಡಿಯಲ್ಲಿ ಚೆನ್ನಾಗಿ ನಡೆಯುತ್ತಿರುವ ಕೇಬಲ್ ಐದು ನಿಮಿಷಕ್ಕೆ ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ.

ಕೇಬಲ್ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಹೊರಗೆ ನೋಡಲು ಗಟ್ಟಿಯಾಗಿ ಕಾಣುವ ಕೇಬಲ್ ಒಳಗೆ ಎಂಟು ಸಣ್ಣ ತಂತಿ, ಅಂದರೆ ನಾಲ್ಕು ಜೋಡಿ. 100 ಎಂಬಿಪಿಎಸ್ ವೇಗಕ್ಕೆ ಇದರಲ್ಲಿ ಎರಡೇ ಜೋಡಿ ಸಾಕು: ಕಿತ್ತಳೆ ಮತ್ತು ಹಸಿರು. ನೀಲಿ ಅಥವಾ ಕಂದು ತುಂಡಾದರೆ ನೆಟ್ ಬರುತ್ತದೆ, ಗಿಗಾಬಿಟ್ ವೇಗ ಮಾತ್ರ ಸಿಗುವುದಿಲ್ಲ. ಕಿತ್ತಳೆ ಅಥವಾ ಹಸಿರು ತುಂಡಾಯಿತೋ, ಕೆಂಪು ಅಡ್ಡಗೆರೆ ಗ್ಯಾರಂಟಿ. ಗೋದಾಮಿನ ಮೂಟೆ ಸಂದಿಯಲ್ಲಿ ಕೇಬಲ್ ಹಾಯ್ದಿದ್ದರೆ ಇಲಿ ಕಚ್ಚಿದ ಗುರುತು ಹುಡುಕಿ. ಬಾಗಿಲು ಸಂದಿಯಲ್ಲಿ, ಶಟರ್ ಕೆಳಗೆ ಹಾಯ್ದಿದ್ದರೆ ಅಲ್ಲಿ ನಸುಕಿರುತ್ತದೆ. ಅಗ್ಗದ ಕೇಬಲ್‌ಗಳಲ್ಲಿ ಒಳಗಿನ ತಂತಿ ಪೂರ್ತಿ ತಾಮ್ರ ಇರುವುದಿಲ್ಲ, ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಅಷ್ಟೇ. ನಾಲ್ಕು ಸಲ ಮಡಚಿದರೆ ಮುರಿಯುತ್ತದೆ. ಖರೀದಿಸುವಾಗ ‘ಪೂರಾ ತಾಂಬಾದ್ದು ಕೊಡ್ರಿ’ ಎಂದು ಕೇಳಿ ತರಬೇಕು.

ತುದಿಯ ಪ್ಲಾಸ್ಟಿಕ್ ಪಿನ್ನಿನ ಕ್ಲಿಪ್ ಮುರಿದಿದ್ದರಂತೂ ದಿನಾ ಗೋಳು. ಕೇಬಲ್ ಕೂತಂತೆ ಕಾಣುತ್ತದೆ, ಮೇಜು ಅಲುಗಿದರೆ ಕಳಚುತ್ತದೆ. ಕಾಗದ ಮಡಚಿ ತುರುಕುವುದು ಆ ದಿನದ ಮಟ್ಟಿಗೆ ಸರಿ. ಹೊಸ ಪಿನ್ ಹಾಕಿಸುವುದಾದರೆ ಕ್ಲಿಪ್ ಕೆಳಗೆ ಮಾಡಿ ಹಿಡಿದಾಗ ಎಡದಿಂದ ಬಣ್ಣದ ಸಾಲು ಹೀಗಿರಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಸಾಲು. ಮೂರನೆಯದೂ ಆರನೆಯದೂ ಹಸಿರು ಜೋಡಿ, ನಡುವೆ ನೀಲಿ ಜೋಡಿ ಬರುತ್ತದೆ. ಜೋಡಿಗಳನ್ನು ಪಕ್ಕಪಕ್ಕಕ್ಕೆ ಚೆಂದವಾಗಿ ಜೋಡಿಸಿ ಪಿನ್ ಒತ್ತಿದವರ ಕೇಬಲ್ ತುಂಡು ಉದ್ದಕ್ಕೆ ಹೇಗೋ ನಡೆದು, ಉದ್ದನೆಯದಕ್ಕೆ ಕೈಕೊಡುತ್ತದೆ.

ಅಂಗಡಿಯಿಂದ ಹಿಂದಿನ ಮನೆಗೆ, ಮನೆಯಿಂದ ಗೋದಾಮಿಗೆ ಎಂದು ಎಳೆಯುವವರು ಒಂದು ಲೆಕ್ಕ ನೆನಪಿಡಬೇಕು. ಒಂದೇ ಎಳೆತಕ್ಕೆ 100 ಮೀಟರ್ ಮಿತಿ. ಅದಕ್ಕಿಂತ ಹೆಚ್ಚಾದರೆ ನಡುವೆ ಸ್ವಿಚ್ ಬೇಕು.

ಅರ್ಜೆಂಟ್ ಇದ್ದರೆ ಮೊಬೈಲ್ ಹಚ್ಚಿ

ಆಂಡ್ರಾಯ್ಡ್ ಮೊಬೈಲನ್ನು ಚಾರ್ಜಿಂಗ್ ಕೇಬಲ್‌ನಿಂದ ಕಂಪ್ಯೂಟರ್‌ಗೆ ಜೋಡಿಸಿ. ಮೊಬೈಲ್‌ನ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಇರುವ ಜಾಗದಲ್ಲೇ ಯುಎಸ್‌ಬಿ ಟೆದರಿಂಗ್ ಎಂದಿರುತ್ತದೆ, ಅದನ್ನು ಆನ್ ಮಾಡಿ. ವಿಂಡೋಸ್ 7 ಮತ್ತು ಆಮೇಲಿನವು ಇದನ್ನು ತಾವಾಗಿಯೇ ಗುರುತಿಸಿ ನೆಟ್ ಕೊಡುತ್ತವೆ. ಬರೀ ಚಾರ್ಜ್ ಆಗುವ ಅಗ್ಗದ ಕೇಬಲ್ ನಡೆಯುವುದಿಲ್ಲ, ಫೋಟೊ ಕಾಪಿ ಮಾಡಲು ಬರುವಂಥದ್ದು ಬೇಕು.

ಇದರಿಂದ ಎರಡು ಲಾಭ. ಒಂದು, ಆವತ್ತಿನ ರಿಟರ್ನ್ ಆವತ್ತೇ ಹೋಗುತ್ತದೆ, ಸಾಲಿನಲ್ಲಿ ನಿಂತವರ ಅರ್ಜಿಯೂ ಆಗುತ್ತದೆ. ಎರಡು, ಇದೇ ಒಂದು ಪರೀಕ್ಷೆ. ಮೊಬೈಲ್ ಮೂಲಕ ಎಲ್ಲ ತೆರೆದುಕೊಂಡರೆ ವಿಂಡೋಸ್, ಬ್ರೌಸರ್ ಸರಿ ಇವೆ. ತೊಂದರೆ ಇರುವುದು ಕಾರ್ಡ್, ಅದರ ಡ್ರೈವರ್, ಕೇಬಲ್, ರೂಟರ್, ಲೈನ್ ಇಷ್ಟರ ನಡುವೆ. ಮೊಬೈಲ್ ಹಚ್ಚಿದರೂ ಏನೂ ತೆರೆಯದಿದ್ದರೆ ಕಾರ್ಡ್ ಬದಲಿಸಿ ಪ್ರಯೋಜನವಿಲ್ಲ.

ಡಿವೈಸ್ ಮ್ಯಾನೇಜರ್‌ನ ಕೋಡ್ ನಂಬರ್

ಡೆಸ್ಕ್‌ಟಾಪ್‌ನ ಕಂಪ್ಯೂಟರ್ ಚಿತ್ರದ ಮೇಲೆ ಬಲಗಡೆಯ ಗುಂಡಿ ಒತ್ತಿ ಮ್ಯಾನೇಜ್‌ಗೆ ಹೋಗಿ, ಅಲ್ಲಿ ಡಿವೈಸ್ ಮ್ಯಾನೇಜರ್, ಅದರೊಳಗೆ ನೆಟ್‌ವರ್ಕ್ ಅಡಾಪ್ಟರ್ಸ್. ಕಾರ್ಡಿನ ಹೆಸರಿನ ಮೇಲೆ ಎರಡು ಸಲ ಒತ್ತಿದರೆ ಅದರ ಸ್ಥಿತಿ ಬರೆದಿರುತ್ತದೆ, ತೊಂದರೆ ಇದ್ದರೆ ಕೊನೆಗೆ ಒಂದು ಕೋಡ್ ನಂಬರ್.

ಕೋಡ್ 22 ಬಂದರೆ ಕುಣಿಯಬಹುದು. ಯಾರೋ ಕಾರ್ಡನ್ನು ಡಿಸೇಬಲ್ ಮಾಡಿದ್ದಾರೆ, ಅಷ್ಟೇ. ಎನೇಬಲ್ ಒತ್ತಿದರೆ ಮುಗಿಯಿತು. ಮಕ್ಕಳು ಆಟಕ್ಕೆ ಕೂತ ಮನೆಗಳಲ್ಲಿ ಇದು ಆಗುವುದುಂಟು.

ಕೋಡ್ 28 ಅಂದರೆ ಡ್ರೈವರ್ ಇಲ್ಲ. ಹೊಸದಾಗಿ ವಿಂಡೋಸ್ ಹಾಕಿಸಿಕೊಂಡು ಬಂದ ದಿನ ಬರುವ ತೊಂದರೆ ಇದು. ಕಾರ್ಡಿಗೆ ಏನೂ ಆಗಿಲ್ಲ, ಅದರ ಜೊತೆ ಮಾತಾಡುವ ಭಾಷೆ ವಿಂಡೋಸ್‌ಗೆ ಗೊತ್ತಿಲ್ಲ. ಡ್ರೈವರ್ ಇಳಿಸಲು ನೆಟ್ ಬೇಕು, ನೆಟ್ ಬರಲು ಡ್ರೈವರ್ ಬೇಕು ಎಂಬ ಪೇಚಿಗೆ ಮೇಲಿನ ಮೊಬೈಲ್ ಉಪಾಯವೇ ಮದ್ದು, ಇಲ್ಲವೇ ಬೇರೆ ಕಂಪ್ಯೂಟರ್‌ನಲ್ಲಿ ಇಳಿಸಿ ಪೆನ್‌ಡ್ರೈವ್‌ನಲ್ಲಿ ತರಬೇಕು. ಯಾವ ಡ್ರೈವರ್ ಎಂದು ತಿಳಿಯಲು ಅದೇ ಕಿಟಕಿಯ ಡಿಟೇಲ್ಸ್‌ನಲ್ಲಿ ಹಾರ್ಡ್‌ವೇರ್ ಐಡಿ ನೋಡಿ. ಮೊದಲ ನಾಲ್ಕು ಅಕ್ಷರ 10ಇಸಿ ಇದ್ದರೆ ರಿಯಲ್‌ಟೆಕ್ ಕಂಪನಿ, 8086 ಇದ್ದರೆ ಇಂಟೆಲ್, 1106 ಇದ್ದರೆ ವಯಾ. ಆಮೇಲಿನ ನಾಲ್ಕು ಮಾದರಿಯ ನಂಬರ್. ರಿಯಲ್‌ಟೆಕ್‌ನಲ್ಲಿ 8139 ಅಂದರೆ ಹಳೆಯ 100 ಎಂಬಿಪಿಎಸ್ ಕಾರ್ಡ್, 8168 ಅಂದರೆ ಗಿಗಾಬಿಟ್. ಡ್ರೈವರನ್ನು ಮದರ್‌ಬೋರ್ಡ್ ಅಥವಾ ಚಿಪ್ ಕಂಪನಿಯ ಜಾಲತಾಣದಿಂದಲೇ ತೆಗೆಯಬೇಕು. ‘ಎಲ್ಲ ಡ್ರೈವರ್ ಒಂದೇ ಕ್ಲಿಕ್‌ಗೆ’ ಎನ್ನುವ ಪುಕ್ಕಟೆ ಸಾಫ್ಟ್‌ವೇರ್‌ಗಳು ಬ್ಯಾಂಕಿನ ಪಾಸ್‌ವರ್ಡ್ ಹಾಕುವ ಯಂತ್ರಕ್ಕೆ ಬೇಡವೇ ಬೇಡ.

ಕೋಡ್ 10 ಅಂದರೆ ಕಾರ್ಡ್ ಶುರುವಾಗುತ್ತಿಲ್ಲ. ಕೋಡ್ 43 ಅಂದರೆ ತೊಂದರೆ ಇದೆ ಎಂದು ಕಾರ್ಡೇ ಹೇಳಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ. ಇವೆರಡಕ್ಕೂ ಮೊದಲು ವೈರ್ ಕೀಳುವ ಉಪಾಯ, ಆಮೇಲೆ ಡ್ರೈವರನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಡುವುದು. ಆದರೂ ಅದೇ ಕೋಡ್ ಬಂದರೆ ಕಾರ್ಡಿನ ಮೇಲೆ ಸಂಶಯಪಡಲು ಈಗ ಕಾರಣವಿದೆ.

ಪಟ್ಟಿಯಲ್ಲಿ ಕಾರ್ಡಿನ ಹೆಸರೇ ಇಲ್ಲದಿದ್ದರೆ? ಬಯೋಸ್‌ನಲ್ಲಿ ಆನ್‌ಬೋರ್ಡ್ ಲ್ಯಾನ್ ಬಂದ್ ಆಗಿದೆಯೇ ನೋಡಿಸಬೇಕು. ಬಿಡಿ ಕಾರ್ಡ್ ಆಗಿದ್ದರೆ ಪವರ್ ವೈರ್ ಕಿತ್ತು, ಡಬ್ಬಿ ತೆಗೆದು, ಕಾರ್ಡ್ ಹೊರಗೆ ಎಳೆದು ಅದರ ಬಂಗಾರ ಬಣ್ಣದ ಹಲ್ಲುಗಳನ್ನು ಶಾಲೆ ಮಕ್ಕಳ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ. ರಬ್ಬರಿನ ಪುಡಿ ಒರೆಸಿ ಮತ್ತೆ ಗಟ್ಟಿಯಾಗಿ ಕೂರಿಸಿ, ಸಾಧ್ಯವಾದರೆ ಬೇರೆ ಸ್ಲಾಟ್‌ಗೆ. ಬೀದರಿನ ಕೆಂಪು ಧೂಳು ಬಾಗಿಲು ತೆರೆದೇ ಇರುವ ಅಂಗಡಿಯ ಸಿಪಿಯು ಒಳಗೆ ವರ್ಷಕ್ಕೆ ಎಷ್ಟು ಕೂರುತ್ತದೆ ಎಂಬುದು ಡಬ್ಬಿ ತೆಗೆದವರಿಗೇ ಗೊತ್ತು.

ದೀಪ ಇದೆ, ಕೋಡ್ ಇಲ್ಲ, ಆದರೂ ನೆಟ್ ಬರವಲ್ದು

ಈಗ ಕೀಬೋರ್ಡ್ ಕೆಲಸ. ವಿಂಡೋಸ್ ಗುಂಡಿ ಮತ್ತು ಆರ್ ಒಟ್ಟಿಗೆ ಒತ್ತಿ, ಸಿ-ಎಂ-ಡಿ ಎಂದು ಬರೆದು ಎಂಟರ್ ಕೊಟ್ಟರೆ ಕಪ್ಪು ಕಿಟಕಿ ಬರುತ್ತದೆ. ಅಲ್ಲಿ ಐ-ಪಿ-ಸಿ-ಒ-ಎನ್-ಎಫ್-ಐ-ಜಿ ಎಂದು ನಡುವೆ ಜಾಗ ಬಿಡದೆ ಬರೆಯಿರಿ. ಐಪಿ ವಿಳಾಸ 192.168 ಎಂದು ಶುರುವಾದರೆ ಸಾಮಾನ್ಯವಾಗಿ ರೂಟರ್ ಕೊಟ್ಟ ನಂಬರ್ ಬಂದಿದೆ. 169.254 ಎಂದು ಶುರುವಾದರೆ ರೂಟರ್‌ನಿಂದ ಉತ್ತರ ಬಾರದೆ ವಿಂಡೋಸ್ ತಾನೇ ಒಂದು ನಂಬರ್ ಹಾಕಿಕೊಂಡಿದೆ. ಆಗ ಕೇಬಲ್, ರೂಟರ್ ಮತ್ತೊಮ್ಮೆ ನೋಡಬೇಕು.

ಮುಂದೆ ಪಿ-ಐ-ಎನ್-ಜಿ ಬರೆದು, ಜಾಗ ಬಿಟ್ಟು, ರೂಟರ್ ವಿಳಾಸ. ಅದು ರೂಟರ್ ಕೆಳಗಿನ ಚೀಟಿಯಲ್ಲಿ ಇರುತ್ತದೆ, ಬಹಳಷ್ಟರಲ್ಲಿ 192.168.1.1. ಉತ್ತರ ಬಂದರೆ ಕಾರ್ಡ್ ಬದುಕಿದೆ, ಅನುಮಾನವೇ ಬೇಡ. ಆಮೇಲೆ ಅದೇ ರೀತಿ 8.8.8.8ಕ್ಕೆ ಪಿಂಗ್ ಕೊಡಿ. ರೂಟರ್ ಉತ್ತರಿಸಿ ಇದು ಉತ್ತರಿಸದಿದ್ದರೆ ತೊಂದರೆ ನೆಟ್ ಲೈನಿನದು, ಕಂಪನಿಗೆ ಫೋನ್ ಮಾಡಿ. ಎರಡೂ ಉತ್ತರಿಸಿ ಜಾಲತಾಣ ಮಾತ್ರ ತೆರೆಯದಿದ್ದರೆ ಹೆಸರನ್ನು ನಂಬರ್ ಮಾಡುವ ಡಿಎನ್‌ಎಸ್ ಕೆಟ್ಟಿದೆ, ಸೆಟ್ಟಿಂಗ್‌ನಲ್ಲಿ 8.8.8.8 ಮತ್ತು 1.1.1.1 ಹಾಕಿದರೆ ಸಾಕು. ಕೆಲವರು 127.0.0.1ಕ್ಕೆ ಪಿಂಗ್ ಕೊಟ್ಟು ‘ಕಾರ್ಡ್ ಓಕೆ ಅದ’ ಎನ್ನುತ್ತಾರೆ. ಅದು ಕಂಪ್ಯೂಟರ್ ತನ್ನನ್ನು ತಾನೇ ಕೂಗುವ ವಿಳಾಸ. ಕಾರ್ಡ್ ಸುಟ್ಟಿದ್ದರೂ ಉತ್ತರ ಬರುತ್ತದೆ.

ಬಂದು ಬಂದು ಹೋಗುವ ನೆಟ್‌ಗೆ ಬೇರೆ ಕಾರಣ ಇರಬಹುದು. ಸಿಸಿ ಕ್ಯಾಮೆರಾದ ಡಿವಿಆರ್ ಡಬ್ಬಿಗೆ ಹಾಕಿಟ್ಟ ನಂಬರೇ ಕಂಪ್ಯೂಟರ್‌ಗೂ ಇದ್ದರೆ ಎರಡೂ ಜಗಳವಾಡುತ್ತವೆ. ಐಪಿ ಕಾನ್‌ಫ್ಲಿಕ್ಟ್ ಎಂಬ ಸಂದೇಶ ಬಂದರೆ ಇದೇ. ಇನ್ನು ಹತ್ತು ನಿಮಿಷ ಸುಮ್ಮನಿದ್ದರೆ ನೆಟ್ ಹೋಗುತ್ತದೆ ಎನ್ನುವವರು ಕಾರ್ಡಿನ ಪವರ್ ಮ್ಯಾನೇಜ್‌ಮೆಂಟ್‌ಗೆ ಹೋಗಿ, ವಿದ್ಯುತ್ ಉಳಿಸಲು ಇದನ್ನು ಬಂದ್ ಮಾಡಬಹುದು ಎಂಬ ಸಾಲಿನ ಟಿಕ್ ತೆಗೆಯಲಿ.

ತಾರೀಖು ನೋಡಿದಿರಾ?

ಇದು ಕಾರ್ಡಿನ ತೊಂದರೆಯೇ ಅಲ್ಲ, ಆದರೆ ಹಳೇ ಯಂತ್ರಗಳಲ್ಲಿ ಕಾರ್ಡಿನ ತಲೆಗೆ ಬರುತ್ತದೆ. ಮದರ್‌ಬೋರ್ಡ್ ಮೇಲೆ ನಾಣ್ಯದಂಥ 3 ವೋಲ್ಟ್ ಸೆಲ್ ಇದೆ, ಹೆಸರು ಸಿಆರ್2032. ಅದು ಸತ್ತರೆ ಕರೆಂಟ್ ಹೋದಾಗಲೆಲ್ಲ ಗಡಿಯಾರ ವರ್ಷಗಟ್ಟಲೆ ಹಿಂದೆ ಓಡುತ್ತದೆ. ಬ್ಯಾಂಕ್, ಜಿಎಸ್‌ಟಿ, ಸೇವಾ ಸಿಂಧು ಎಲ್ಲ ಜಾಲತಾಣಗಳಿಗೂ ಇಂಥ ದಿನದಿಂದ ಇಂಥ ದಿನದ ತನಕ ಎಂಬ ಭದ್ರತಾ ಪ್ರಮಾಣಪತ್ರ ಇರುತ್ತದೆ. ಕಂಪ್ಯೂಟರ್ ಪ್ರಕಾರ ಅದು ಇನ್ನೂ ಹುಟ್ಟಿಯೇ ಇಲ್ಲ, ಹಾಗಾಗಿ ಬ್ರೌಸರ್ ಬಾಗಿಲು ಹಾಕುತ್ತದೆ. ‘ನಿಮ್ಮ ಸಂಪರ್ಕ ಸುರಕ್ಷಿತವಲ್ಲ’ ಎಂಬರ್ಥದ ಸಂದೇಶ ಕಂಡರೆ ಮೊದಲು ಕೆಳಮೂಲೆಯ ತಾರೀಖು ನೋಡಿ. ಸರಿಮಾಡಿದರೆ ಎಲ್ಲ ತೆರೆಯುತ್ತದೆ. ಸೆಲ್ ಕೈಗಡಿಯಾರ ರಿಪೇರಿಯವರ ಹತ್ತಿರವೂ ಸಿಗುತ್ತದೆ.

ತಾರೀಖು ಸರಿ ಇದ್ದೂ ಕೆಲವೇ ತಾಣಗಳು ತೆರೆಯದಿದ್ದರೆ ಬ್ರೌಸರ್ ಹಳೆಯದಾಗಿರಬಹುದು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೆ ಕೈಬಿಟ್ಟಿತು, ಕ್ರೋಮ್ 109ರ ನಂತರ ಅದಕ್ಕೆ ಹೊಸ ಆವೃತ್ತಿ ಬಂದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 7 ಯಂತ್ರದಲ್ಲಿ ಬಿಲ್ ಹೊಡೆಯಿರಿ, ಪ್ರಿಂಟ್ ತೆಗೆಯಿರಿ. ಬ್ಯಾಂಕ್ ವ್ಯವಹಾರ ಮಾತ್ರ ಅದರಲ್ಲಿ ಬೇಡ, ಲ್ಯಾನ್ ಕಾರ್ಡ್ ಎಷ್ಟೇ ಚೆನ್ನಾಗಿದ್ದರೂ.

ನಿಜಕ್ಕೂ ಸುಟ್ಟಿದ್ದರೆ

ರೋಹಿಣಿ ಮಳೆಗೂ ಮುಂಚಿನ ಗಾಳಿ-ಗುಡುಗಿನ ಸಂಜೆ ಕಂಬದ ಕಡೆ ಸಿಡಿಲು ಬಡಿದರೆ ಏರಿದ ಕರೆಂಟ್ ಎರಡು ದಾರಿಯಿಂದ ಬರುತ್ತದೆ: ಪವರ್ ವೈರ್ ಮತ್ತು ಲ್ಯಾನ್ ಕೇಬಲ್. ಫೈಬರ್ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ನಿಜ. ಆದರೆ ಫೈಬರ್ ಸೇರುವ ಡಬ್ಬಿಗೆ ಅಡಾಪ್ಟರ್ ಇದೆ, ಅಲ್ಲಿಂದ ಕಂಪ್ಯೂಟರ್‌ಗೆ ತಾಮ್ರದ ಕೇಬಲ್ ಇದೆ. ‘ಯುಪಿಎಸ್ ಇತ್ತು, ಆದ್ರೂ ಹೆಂಗ ಸುಟ್ತು’ ಎಂಬ ಪ್ರಶ್ನೆಗೆ ಉತ್ತರ ಆ ಕೇಬಲ್. ಗುಡುಗು ಕೇಳಿದ ಕೂಡಲೇ ಎರಡನ್ನೂ ಕೀಳಬೇಕು. ಸಿಪಿಯು ತಗಡು ಮುಟ್ಟಿದರೆ ಕೈ ಜುಮ್ಮೆನ್ನುವ ಅಂಗಡಿಗಳಲ್ಲಿ ಅರ್ಥಿಂಗ್ ಇಲ್ಲ ಅಥವಾ ಸರಿ ಇಲ್ಲ. ಬೇಸಿಗೆಯಲ್ಲಿ ಒಣಗಿದ ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಅರ್ಥಿಂಗ್ ಗುಂಡಿಗೆ ಆಗಾಗ ನೀರು ಬೀಳದಿದ್ದರೆ ಅದು ಹೆಸರಿಗೆ ಮಾತ್ರ. ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ.

ಮದರ್‌ಬೋರ್ಡಿನ ಲ್ಯಾನ್ ಚಿಪ್ ಸುಟ್ಟರೂ ಉಳಿದದ್ದು ನಡೆಯುತ್ತಿದ್ದರೆ ಬೋರ್ಡ್ ಬದಲಿಸಬೇಕಿಲ್ಲ. ಸುಲಭದ ದಾರಿ ಯುಎಸ್‌ಬಿ ಲ್ಯಾನ್ ಅಡಾಪ್ಟರ್. ಡಬ್ಬಿ ತೆಗೆಯದೆ ಹಿಂದೆ ಚುಚ್ಚಿದರೆ ಆಯಿತು. ಅಗ್ಗ ಬೇಕಾದರೆ ಒಳಗೆ ಹಾಕುವ ಕಾರ್ಡ್, ಆದರೆ ಅದರಲ್ಲಿ ಎರಡು ಜಾತಿ. ಹಳೇ ಬೋರ್ಡ್‌ಗಳ ಉದ್ದನೆಯ, ಹೆಚ್ಚಾಗಿ ಬಿಳಿ ಬಣ್ಣದ ಸ್ಲಾಟ್ ಪಿಸಿಐ. ಬೆರಳಿನ ಎರಡು ಗೆಣ್ಣಿನಷ್ಟೂ ಇಲ್ಲದ ಗಿಡ್ಡ ಸ್ಲಾಟ್ ಪಿಸಿಐ ಎಕ್ಸ್‌ಪ್ರೆಸ್. ಒಂದರ ಕಾರ್ಡ್ ಇನ್ನೊಂದಕ್ಕೆ ಕೂರುವುದಿಲ್ಲ. ಅಂಗಡಿಗೆ ಹೋಗುವ ಮುಂಚೆ ಒಳಗಿನ ಸ್ಲಾಟ್‌ಗಳ ಫೋಟೊ ಹೊಡೆದುಕೊಳ್ಳಿ. ಸಿಕಂದರಾಬಾದ್‌ನ ಚಿನಾಯ್ ಟ್ರೇಡ್ ಸೆಂಟರ್‌ಗೆ ಯಾರಾದರೂ ಹೊರಟಿದ್ದರೆ ಅವರಿಗೂ ಅದೇ ಫೋಟೊ ಕಳಿಸಿ, ತಪ್ಪು ಕಾರ್ಡ್ ತಂದು ಮತ್ತೆ ಹೋಗಲು ಅದು ಪಕ್ಕದ ಓಣಿಯಲ್ಲ. ನೆಟ್ ಪ್ಲಾನ್ 40 ಎಂಬಿಪಿಎಸ್ ಇದ್ದವರಿಗೆ 100ರ ಕಾರ್ಡ್ ಧಾರಾಳ, ಗಿಗಾಬಿಟ್‌ಗೆ ಹೆಚ್ಚು ಕೊಡುವ ಅಗತ್ಯವಿಲ್ಲ.

ಹೊಸ ಕಾರ್ಡ್ ಹಾಕಿದ ಮೇಲೆ ಎರಡು ಕಡೆ ಎಡವುವುದಿದೆ. ಹಳೇ ಕಾರ್ಡಿಗೆ ಕೈಯಿಂದ ಹಾಕಿದ್ದ ಐಪಿ ನಂಬರನ್ನೇ ಹೊಸದಕ್ಕೆ ಕೊಟ್ಟರೆ, ಇದು ಬೇರೆ ಅಡಾಪ್ಟರ್‌ಗೆ ಇದೆ ಎಂದು ವಿಂಡೋಸ್ ತಕರಾರು ತೆಗೆಯಬಹುದು. ಹಳೇ ಕಾರ್ಡ್ ಹೋದರೂ ಅದರ ನೆನಪು ಉಳಿದಿರುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಅಡಗಿದ ಸಾಧನಗಳನ್ನು ತೋರಿಸುವ ಆಯ್ಕೆ ಒತ್ತಿ, ಮಸುಕಾಗಿ ಕಾಣುವ ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡಬೇಕು. ಎರಡನೆಯದು ಮ್ಯಾಕ್ ವಿಳಾಸ. ಪ್ರತಿ ಕಾರ್ಡಿಗೂ ಬೇರೆ ಮ್ಯಾಕ್ ಇರುತ್ತದೆ, ಕೇಬಲ್ ನೆಟ್ ಕೊಡುವ ಕೆಲವರು ಅದನ್ನು ತಮ್ಮಲ್ಲಿ ಬರೆದಿಟ್ಟು ಆ ಕಾರ್ಡಿಗೆ ಮಾತ್ರ ನೆಟ್ ಬಿಡುತ್ತಾರೆ. ರೂಟರ್ ಇಲ್ಲದೆ ನೇರ ಕೇಬಲ್ ಹಾಕಿಕೊಂಡವರಿಗೆ ಈ ತೊಂದರೆ. ಹೊಸ ಕಾರ್ಡ್ ಹಾಕಿಯೂ ನೆಟ್ ಬರದಿದ್ದರೆ ಮೆಕ್ಯಾನಿಕ್ ಜೊತೆ ಜಗಳಕ್ಕೆ ಬೀಳುವ ಮುಂಚೆ ಅವರಿಗೆ ಫೋನ್ ಮಾಡಿ, ಹಳೇ ಮ್ಯಾಕ್ ತೆಗೆದು ಹೊಸದು ಹಾಕಲು ಹೇಳಿ.